ಎರಡು ಕಾಸಿನ ಕಾಣಿಕೆ

ಮಾಟುಂಗದ ನಮ್ಮ ಹಳೆಯ ಚಾಳಿನಲ್ಲಿ, ನಮ್ಮ ಬಿಡಾರದ ಎದುರಿಗೆ, ಮಂಗಳೂರ ಕಡೆಯ ಕ್ರೈಸ್ತ ಬಾಯಿಯವರೊಬ್ಬರು ಇದ್ದರು. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಒಂದು ಹೊಲಿಗೆಯ ಯಂತ್ರವನ್ನು ನೆಚ್ಚಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಒಂದು ಆದಿತ್ಯವಾರ ಇಗರ್ಜಿಯಿಂದ ಹಿಂತಿರುಗಿದವರು ಮೆಟ್ಟಿಲ ಮೇಲೆಯೇ ನನ್ನನ್ನು ತಡೆದು ನಿಲ್ಲಿಸಿದರು.

“ಇವತ್ತು ಪುನಃ ಆ ವಿಧವೆಯ ಕಥೆಯೇ, ಮಾಷ್ಟ್ರೇ. ಪಾದ್ರಿಗಳು ಕಥೆ ಹೇಳಿ ಮುಗಿಸಿದ್ದೇ ತಡ, ಕಾಣಿಕೆಯ ಚೀಲ ಬಂತು” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ನೀವು ಪುಸ್ತಕ ಓದುವವರು. ಒಂದು ಹೇಳಿ. ಇದ್ದದ್ದನ್ನೆಲ್ಲ ಡಬ್ಬಿಗೆ ಹಾಕಿ ಮನೆಗೆ ಹೋದಳಲ್ಲ, ಆ ರಾತ್ರಿ ಅವಳು ಊಟಕ್ಕೆ ಏನು ಮಾಡಿದಳು?” ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. “ಶಾಸ್ತ್ರದಲ್ಲಿ ಬರೆದಿಲ್ಲವಲ್ಲ” ಎಂದು ಜಾರಿಕೊಂಡೆ. ಆದರೆ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಆಗಿನಿಂದ ಆ ಕಥೆ ನಡೆದ ಗುಡಿ ಹೇಗಿತ್ತು, ಆ ಡಬ್ಬಿ ಎಂಥದು, ಆ ಕಾಸು ಎಷ್ಟು ಬಾಳುತ್ತಿತ್ತು ಎಂದು ಸಿಕ್ಕಿದ ಕಡೆಯಲ್ಲೆಲ್ಲ ಓದುತ್ತ ಬಂದೆ. ಅದರ ಫಲ ಈ ಲೇಖನ.

ಕಥೆ ಬಹಳ ಚಿಕ್ಕದು. ನಾಲ್ಕು ಸುವಾರ್ತೆಗಳ ಪೈಕಿ ಮಾರ್ಕ ಮತ್ತು ಲೂಕ ಇವೆರಡರಲ್ಲಿ ಮಾತ್ರ ಬರುತ್ತದೆ. ಮಾರ್ಕನಲ್ಲಿ ನಾಲ್ಕೇ ವಚನ. ಪಸ್ಕ ಹಬ್ಬಕ್ಕೆ ಕೆಲವೇ ದಿನಗಳಿವೆ. ಯೆರೂಸಲೇಮಿನ ದೇವಾಲಯದಲ್ಲಿ ಜನವೋ ಜನ. ಯೇಸು ಕಾಣಿಕೆಯ ಪೆಟ್ಟಿಗೆಗಳ ಎದುರಿಗೆ ಕುಳಿತು, ಹಾಕುವವರನ್ನು ನೋಡುತ್ತಿದ್ದಾನೆ. ಸಿರಿವಂತರು ಬಂದು ಬಹಳ ಬಹಳ ಹಾಕುತ್ತಾರೆ. ಬಡ ವಿಧವೆಯೊಬ್ಬಳು ಬಂದು ಎರಡು ಚಿಕ್ಕ ಕಾಸು ಹಾಕುತ್ತಾಳೆ. ಆತ ಶಿಷ್ಯರನ್ನು ಹತ್ತಿರ ಕರೆದು, ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ, ಅವರು ಮಿಕ್ಕದ್ದರಲ್ಲಿ ಕೊಟ್ಟರು, ಇವಳು ತನ್ನ ಜೀವನಕ್ಕಿದ್ದದ್ದನ್ನೇ ಕೊಟ್ಟಳು ಎಂಬರ್ಥದ ಮಾತನ್ನು ಹೇಳುತ್ತಾನೆ. ಅಷ್ಟೇ. ಆಕೆಗೆ ಹೆಸರಿಲ್ಲ, ಆಕೆಯ ಬಾಯಿಂದ ಒಂದು ಮಾತೂ ಇಲ್ಲ. ತನ್ನನ್ನು ಯಾರೋ ನೋಡುತ್ತಿದ್ದರೆಂಬುದು ಆಕೆಗೆ ತಿಳಿದಂತೆಯೂ ಇಲ್ಲ.

ಈಗ ಆ ಗುಡಿಯೊಳಕ್ಕೆ ಹೋಗೋಣ.

ಹೆರೋದ ರಾಜನು ಯೆರೂಸಲೇಮಿನ ಹಳೆಯ ದೇವಾಲಯವನ್ನು ಹೊಸದಾಗಿ ಕಟ್ಟಿಸಲು ಕೈಹಾಕಿದ್ದು ಕ್ರಿ. ಪೂ. ೨೦ರ ಸುಮಾರಿಗೆ. ಕ್ರಿ. ಶ. ೩೭ರಲ್ಲಿ ಪುರೋಹಿತರ ಮನೆತನದಲ್ಲಿ ಹುಟ್ಟಿದ ಇತಿಹಾಸಕಾರ ಜೋಸೆಫಸನು ಇದರ ವಿವರಗಳನ್ನು ಬರೆದಿಟ್ಟಿದ್ದಾನೆ. ಜನಕ್ಕೆ ಹೆದರಿಕೆಯಂತೆ, ಹಳೆಯದನ್ನು ಕೆಡವಿದ ಮೇಲೆ ರಾಜನು ಹೊಸದನ್ನು ಕಟ್ಟದೆ ಕೈಬಿಟ್ಟರೆ ಏನು ಗತಿ ಎಂದು. ಅದಕ್ಕಾಗಿ ಹೆರೋದನು ಕಲ್ಲು ಸಾಗಿಸಲು ಒಂದು ಸಾವಿರ ಗಾಡಿ, ಹತ್ತು ಸಾವಿರ ಕೆಲಸಗಾರರು, ಎಲ್ಲವನ್ನೂ ಮೊದಲೇ ಸಿದ್ಧಮಾಡಿ ಕೆಡವಲು ತೊಡಗಿದ. ಗರ್ಭಗುಡಿಯ ಭಾಗವನ್ನು ಹೊರಗಿನವರು ಮುಟ್ಟಬಾರದಷ್ಟೆ. ಆದ್ದರಿಂದ ಒಂದು ಸಾವಿರ ಪುರೋಹಿತರಿಗೇ ಕಲ್ಲುಕುಟಿಕರ ಮತ್ತು ಬಡಗಿಗಳ ವಿದ್ಯೆ ಕಲಿಸಿದರು. ಅವರು ಆ ಭಾಗವನ್ನು ಒಂದೂವರೆ ವರ್ಷದೊಳಗೆ ಮುಗಿಸಿದರು. ಸುತ್ತಣ ಪ್ರಾಕಾರ ಮಂಟಪಗಳ ಕೆಲಸ ಮಾತ್ರ ಹೆರೋದನು ಸತ್ತ ಮೇಲೆಯೂ ನಡೆದೇ ಇತ್ತು. ಕ್ರಿ. ಶ. ೬೦ರ ದಶಕದಲ್ಲಿ ಅದು ಮುಗಿದಾಗ ಹದಿನೆಂಟು ಸಾವಿರಕ್ಕೂ ಮೇಲ್ಪಟ್ಟು ಜನ ಕೂಲಿಯಿಲ್ಲದೆ ಕುಳಿತರಂತೆ. ಆ ವಿಧವೆಯು ಬಂದ ಕಾಲಕ್ಕೆ, ಎಂದರೆ ಕ್ರಿ. ಶ. ೩೦ರ ಸುಮಾರಿಗೆ, ಅಲ್ಲಿ ಇನ್ನೂ ಉಳಿಯ ಸದ್ದು ಕೇಳುತ್ತಿದ್ದಿರಬೇಕು.

ಆ ಗುಡಿಯ ಜಗಲಿಯೇ ಒಂದು ಊರಿನಷ್ಟು: ಪಡುವಣ ಗೋಡೆಯ ಉದ್ದ ಸುಮಾರು ೧,೫೯೦ ಅಡಿ, ಒಟ್ಟು ವಿಸ್ತಾರ ಮೂವತ್ತೈದು ಎಕರೆ ಮೇಲ್ಪಟ್ಟು. ಪಡುವಣ ಗೋಡೆಯಲ್ಲಿ ನಲವತ್ತನಾಲ್ಕು ಅಡಿ ಉದ್ದದ ಒಂದೇ ಕಲ್ಲು ಇಂದಿಗೂ ಕೂಡಿಸಿದಲ್ಲೇ ಇದೆ. ತೆಂಕಣ ಅಂಚಿನಲ್ಲಿ ೧೬೨ ಕಂಬಗಳ ಭಾರಿ ಮಂಟಪ. ಈ ಹೊರಗಿನ ಪ್ರಾಕಾರದೊಳಕ್ಕೆ ಯಾರು ಬೇಕಾದರೂ ಬರಬಹುದಾಗಿತ್ತು. ಗ್ರೀಕರು, ರೋಮನರು, ಸಿರಿಯಾದವರು, ಯಾರಾದರೂ. ಅದರೊಳಗೆ ಮಾತ್ರ ಮೂರು ಮೊಳ ಎತ್ತರದ ಕಲ್ಲಿನ ಕಟಾಂಜನ. ಅಲ್ಲಲ್ಲಿ ಎಚ್ಚರಿಕೆಯ ಶಾಸನಗಳು: ಪರಜಾತಿಯವನು ಇದನ್ನು ದಾಟಬಾರದು, ದಾಟಿ ಸಿಕ್ಕಿಬಿದ್ದರೆ ತನ್ನ ಸಾವಿಗೆ ತಾನೇ ಹೊಣೆ ಎಂದು. ಇದು ಕಟ್ಟುಕಥೆಯಲ್ಲ. ಗ್ರೀಕ್ ಅಕ್ಷರಗಳ ಆ ಕಲ್ಲೊಂದನ್ನು ೧೮೭೧ರಲ್ಲಿ ಫ್ರೆಂಚ್ ಪಂಡಿತ ಕ್ಲೆರ್ಮೊ-ಗ್ಯಾನೋ ಪತ್ತೆಮಾಡಿದ. ಅದು ಈಗ ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ. ೧೯೩೫ರಲ್ಲಿ ಇನ್ನೊಂದರ ತುಂಡೂ ಸಿಕ್ಕಿತು.

ಕಟಾಂಜನ ದಾಟಿ, ಮೆಟ್ಟಿಲು ಹತ್ತಿ ಒಳಗೆ ಹೋದರೆ ಸಿಗುವುದು ‘ಹೆಂಗಸರ ಅಂಗಳ’. ಹೆಸರು ಕೇಳಿ ಅದು ಹೆಂಗಸರಿಗೆ ಮಾತ್ರ ಎಂದುಕೊಳ್ಳಬಾರದು. ಗಂಡಸರೂ ಅಲ್ಲೇ ತಿರುಗಾಡುತ್ತಿದ್ದರು. ಸಾಮಾನ್ಯವಾಗಿ ಹೆಂಗಸರು ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ, ಅಷ್ಟೆ. ೧೩೫ ಮೊಳದ ಚೌಕ ಅಂಗಳ. ನಮ್ಮ ಲೆಕ್ಕದಲ್ಲಿ ಇನ್ನೂರು ಅಡಿ ಆದೀತು. ನಾಲ್ಕು ಮೂಲೆಗಳಲ್ಲಿ ನಾಲ್ಕು ಕೊಠಡಿ: ಒಂದು ಸೌದೆಗೆ, ಒಂದು ಎಣ್ಣೆಗೆ, ಒಂದು ವ್ರತ ಹಿಡಿದವರಿಗೆ, ಒಂದು ಚರ್ಮರೋಗದಿಂದ ಗುಣವಾಗಿ ಶುದ್ಧಿಗೆ ಬಂದವರಿಗೆ. ಎದುರಿಗೆ ಅರ್ಧಚಂದ್ರಾಕಾರದ ಹದಿನೈದು ಮೆಟ್ಟಿಲು, ಅದರ ಮೇಲೆ ಅಲೆಕ್ಸಾಂಡ್ರಿಯದ ನಿಕಾನೋರನೆಂಬ ಧನಿಕನು ಮಾಡಿಸಿಕೊಟ್ಟ ಬಾಗಿಲು. ದಾನಿಯ ಹೆಸರು ಹೇಗೆ ಉಳಿದಿದೆ ನೋಡಿ. ಬಾಗಿಲು ಹೋಯಿತು, ಗುಡಿ ಹೋಯಿತು. ಆದರೆ ೧೯೦೨ರಲ್ಲಿ ಯೆರೂಸಲೇಮಿನ ಹೊರಗೆ ಒಂದು ಗುಹೆಯಲ್ಲಿ ಸಿಕ್ಕಿದ ಎಲುಬಿನ ಪೆಟ್ಟಿಗೆಯ ಮೇಲೆ ‘ಬಾಗಿಲುಗಳನ್ನು ಮಾಡಿಸಿದ ಅಲೆಕ್ಸಾಂಡ್ರಿಯದ ನಿಕಾನೋರ’ ಎಂದೇ ಕೆತ್ತಿದೆ. ಅದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕುಳಿತಿದೆ. ಬಾಗಿಲು ಕೊಟ್ಟವನ ಹೆಸರು ಎಲುಬಿನ ಪೆಟ್ಟಿಗೆಯ ಮೇಲೂ ಉಳಿಯಿತು. ಎರಡು ಕಾಸು ಕೊಟ್ಟವಳದು ಸುವಾರ್ತೆಯಲ್ಲೂ ಇಲ್ಲ.

ಗುಡಿಯಲ್ಲಿ ಹದಿಮೂರು ಕಾಣಿಕೆ ಪೆಟ್ಟಿಗೆಗಳಿದ್ದವೆಂದು ಮಿಷ್ನಾ ಹೇಳುತ್ತದೆ. ಮಿಷ್ನಾ ಎಂದರೆ ಕ್ರಿ. ಶ. ೨೦೦ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯರ ನಿಯಮಗ್ರಂಥ. ಗುಡಿ ಹಾಳಾದ ಮೇಲೆ, ಅದರ ನೆನಪು ಅಳಿಯದಿರಲೆಂದು ಗಳಿಗೆ ಗಳಿಗೆಯ ಪದ್ಧತಿಯನ್ನೂ ಬರೆದಿಟ್ಟವರ ಗ್ರಂಥ. ವಿಧವೆಯೊಬ್ಬಳು ಪೆಟ್ಟಿಗೆಯವರೆಗೆ ಹೋಗಬಲ್ಲವಳಾದ್ದರಿಂದ ಅವು ಹೆಂಗಸರ ಅಂಗಳದಲ್ಲಿಯೇ ಇದ್ದವೆಂದು ಪಂಡಿತರು ತರ್ಕಿಸುತ್ತಾರೆ. ಆಕಾರ ಕೊಂಬಿನದು: ಬಾಯಿ ಕಿರಿದು, ಬುಡ ಅಗಲ. ಹಾಕಿದ ಹಣವನ್ನು ಕೈತೂರಿಸಿ ತೆಗೆಯುವ ಹಾಗಿಲ್ಲ. ನಮ್ಮ ಗುಡಿಗಳ ಹುಂಡಿ ಕಂಡವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದರ ಮೇಲೆ ಒಂದೊಂದು ಹೆಸರು: ಈ ವರ್ಷದ ತೆರಿಗೆ, ಕಳೆದ ವರ್ಷದ ಬಾಕಿ, ಪಕ್ಷಿಬಲಿ, ಸೌದೆ, ಧೂಪ, ಚಿನ್ನ, ಹೀಗೆ. ಕೊನೆಯ ಆರು ಪೆಟ್ಟಿಗೆಗಳು ಮನಸ್ಸಿಗೆ ಬಂದಷ್ಟು ಹಾಕುವ ಕಾಣಿಕೆಗೆ. ತಾಮ್ರದ ಕಾಸು ಆ ಕೊಂಬಿನ ಬಾಯಲ್ಲಿ ಬಿದ್ದಾಗ ಸದ್ದಾಗುತ್ತಿತ್ತು, ಹೆಚ್ಚು ಹಾಕಿದವನ ಸದ್ದು ಹೆಚ್ಚು, ಎಂದು ಊಹಿಸುವವರಿದ್ದಾರೆ.

ತೆರಿಗೆ ಎಂದೆನಲ್ಲವೆ? ವಯಸ್ಸಿಗೆ ಬಂದ ಪ್ರತಿಯೊಬ್ಬ ಯೆಹೂದ್ಯ ಗಂಡಸೂ ವರ್ಷಕ್ಕೆ ಅರ್ಧ ಶೆಕೆಲ್ ಬೆಳ್ಳಿಯನ್ನು ಗುಡಿಗೆ ಕೊಡತಕ್ಕದ್ದು. ನಿತ್ಯಬಲಿ, ಧೂಪ, ಊರಿನ ಕಾಲುವೆ, ಕೋಟೆಗೋಡೆಗಳ ರಿಪೇರಿ ಎಲ್ಲವೂ ಗುಡಿಯ ಆ ಬೊಕ್ಕಸದಿಂದಲೇ. ಬೆಳ್ಳಿ ಶುದ್ಧವಾಗಿರಬೇಕೆಂದು ತೂರ್ ಪಟ್ಟಣದ ನಾಣ್ಯವೇ ಬೇಕಾಗಿತ್ತು. ತಮಾಷೆಯೆಂದರೆ, ವಿಗ್ರಹವನ್ನು ಕಂಡರಾಗದ ಆ ಗುಡಿಗೆ ಬಂದು ಬೀಳುತ್ತಿದ್ದ ನಾಣ್ಯದ ಒಂದು ಮುಖದಲ್ಲಿ ಮೆಲ್ಕಾರ್ತನೆಂಬ ಪರದೇವರ ತಲೆ, ಇನ್ನೊಂದು ಮುಖದಲ್ಲಿ ಹದ್ದು! ಹಬ್ಬಕ್ಕೆ ಮೂರು ವಾರವಿರುವಾಗಲೇ ಸರಾಫರು ಗುಡಿಯಲ್ಲಿ ಮೇಜು ಹಾಕುತ್ತಿದ್ದರು. ನಾಣ್ಯ ಬದಲಾಯಿಸಿದ್ದಕ್ಕೆ ವಟ್ಟ ಬೇರೆ. ಯೇಸು ಒಂದೆರಡು ದಿನ ಹಿಂದೆ ಬುಡಮೇಲು ಮಾಡಿದ್ದು ಇದೇ ಮೇಜುಗಳನ್ನು; ಜೊತೆಗೆ ಪಾರಿವಾಳ ಮಾರುವವರ ಪೀಠಗಳನ್ನು.

ಪಾರಿವಾಳದ್ದೂ ಒಂದು ಕಥೆಯಿದೆ. ಬಾಣಂತಿಯರು ಶುದ್ಧಿಗಾಗಿ ಬಲಿ ಕೊಡಬೇಕು. ಕುರಿಮರಿಗೆ ಶಕ್ತಿಯಿಲ್ಲದವಳು ಒಂದು ಜೋಡಿ ಪಾರಿವಾಳ ಕೊಟ್ಟರೆ ಆಯಿತು. ಯೇಸುವಿನ ತಾಯಿಯೂ ಹಾಗೆಯೇ ಬಡವರ ಕಾಣಿಕೆ ಕೊಟ್ಟವಳೆಂದು ಲೂಕನು ಬರೆಯುತ್ತಾನೆ. ಒಮ್ಮೆ ಯೆರೂಸಲೇಮಿನಲ್ಲಿ ಈ ಜೋಡಿಯ ಬೆಲೆ ಒಂದು ಚಿನ್ನದ ದೀನಾರಕ್ಕೆ ಏರಿತಂತೆ. ಎಂದರೆ ಇಪ್ಪತ್ತೈದು ಬೆಳ್ಳಿಯ ದೀನಾರ! ಸಿಮಿಯೋನ ಬೆನ್ ಗಮಲಿಯೇಲನೆಂಬ ಗುರುವಿಗೆ ಸಿಟ್ಟು ಬಂತು. ಬೆಲೆ ಇಳಿಯದೆ ಈ ರಾತ್ರಿ ನಿದ್ದೆಮಾಡುವುದಿಲ್ಲವೆಂದು ಆಣೆಯಿಟ್ಟು, ನ್ಯಾಯಸಭೆಗೆ ಹೋಗಿ, ಐದು ಹೆರಿಗೆಯಾದವಳು ಒಂದೇ ಬಲಿ ಕೊಟ್ಟರೆ ಸಾಕೆಂದು ತೀರ್ಪು ಕೊಟ್ಟ. ಗಿರಾಕಿಯಿಲ್ಲದೆ ಅದೇ ದಿನ ಜೋಡಿಯ ಬೆಲೆ ಕಾಲು ಬೆಳ್ಳಿ ದೀನಾರಕ್ಕೆ ಕುಸಿಯಿತು. ಗುಡಿಯ ಪೇಟೆಯ ಲಾಭಕೋರತನ ಯೇಸು ಒಬ್ಬನ ಕಣ್ಣಿಗೆ ಮಾತ್ರ ಬಿದ್ದದ್ದಲ್ಲ ಎಂಬುದಕ್ಕೆ ಇದನ್ನು ಹೇಳಿದೆ.

ಆ ಗುಡಿಯವರೆಲ್ಲ ನುಂಗಣ್ಣಗಳೆಂದೂ ಭಾವಿಸಬಾರದು. ಬೊಕ್ಕಸದಿಂದ ಹಣ ತೆಗೆಯಲು ಒಳಗೆ ಹೋಗುವವನು ಅಂಚು ಮಡಿಚಿ ಹೊಲಿದ ಅಂಗಿ ತೊಡಬಾರದು, ಕಾಲಿಗೆ ಜೋಡು ಹಾಕಬಾರದು. ನಾಳೆ ಅವನು ಸಿರಿವಂತನಾದರೆ ಗುಡಿಯ ಹಣ ಕದ್ದನೆಂದು ಜನ ಆಡಬಾರದಲ್ಲ! ಇನ್ನೊಂದು ಕೊಠಡಿಯಿತ್ತು, ‘ಗುಟ್ಟಿನ ಕೊಠಡಿ’. ದೈವಭಕ್ತರು ಯಾರೂ ಕಾಣದಂತೆ ಅದರೊಳಗೆ ಹಣವಿಡುವರು. ಮಾನಸ್ಥ ಮನೆತನದ ಬಡವರು ಯಾರೂ ಕಾಣದಂತೆ ತೆಗೆದುಕೊಳ್ಳುವರು. ಇಂಥ ಒಂದು ಕೋಣೆಯನ್ನು ಯೋಚಿಸಿ ಕಟ್ಟಿದವನಿಗೆ ಬಡತನದ ನಾಚಿಕೆ ಚೆನ್ನಾಗಿ ಗೊತ್ತಿತ್ತು.

ಇರಲಿ, ನಮ್ಮ ವಿಧವೆಗೆ ಬರೋಣ. ಮುಖ್ಯವಾದ ಸಂಗತಿ ಇದು: ಅರ್ಧ ಶೆಕೆಲ್ಲಿನ ತೆರಿಗೆ ಹೆಂಗಸರ ಮೇಲೆ ಇರಲೇ ಇಲ್ಲ. ಕೊಟ್ಟರೆ ತೆಗೆದುಕೊಳ್ಳುವರು, ಕೇಳುವ ಹಾಗಿಲ್ಲ. ಆದುದರಿಂದ ಆಕೆ ಯಾವ ಕಟ್ಟಳೆಗೂ ಒಳಪಟ್ಟು ಬಂದವಳಲ್ಲ. ಒಂದು ಕಾಸನ್ನೂ ಹಾಕದೆ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದನ್ನು ಹಾಕಿ ಒಂದನ್ನು ಸೆರಗಿನಲ್ಲಿ ಕಟ್ಟಿಕೊಳ್ಳಬಹುದಾಗಿತ್ತು. ಕಾಸು ಎರಡಿತ್ತಲ್ಲ!

ಆ ಕಾಸುಗಳನ್ನು ಗ್ರೀಕಿನಲ್ಲಿ ಲೆಪ್ಟಾ ಎನ್ನುತ್ತಾರೆ. ‘ಸಣ್ಣದು’ ಎಂದೇ ಅರ್ಥ. ನೂರು ವರ್ಷ ಹಿಂದೆ ಆಳಿದ ಅಲೆಕ್ಸಾಂಡರ್ ಯನ್ನಾಯಿ ಎಂಬ ಯೆಹೂದ್ಯ ರಾಜನು ಟಂಕಿಸಿದ, ಒಂದು ಕಡೆ ಲಂಗರು, ಒಂದು ಕಡೆ ನಕ್ಷತ್ರವಿರುವ ಕಂಚಿನ ಬಿಲ್ಲೆಗಳು ಆಗಲೂ ಕೈಯಿಂದ ಕೈಗೆ ಸಾಗುತ್ತಿದ್ದವು. ಎಷ್ಟೋ ಬಿಲ್ಲೆಗಳು ಒಂದು ಗ್ರಾಂ ಕೂಡ ತೂಗವು. ಮಾರ್ಕನು ರೋಮನರಿಗೂ ತಿಳಿಯಲೆಂದು, ಎರಡು ಲೆಪ್ಟಾ ಎಂದರೆ ಒಂದು ಕ್ವಾದ್ರಾನ್ಸ್ ಎಂದು ಬಿಡಿಸಿ ಹೇಳುತ್ತಾನೆ. ಅರುವತ್ತನಾಲ್ಕು ಕ್ವಾದ್ರಾನ್ಸಿಗೆ ಒಂದು ಬೆಳ್ಳಿ ದೀನಾರ; ದೀನಾರವೆಂದರೆ ಒಬ್ಬ ಆಳಿನ ಒಂದು ದಿನದ ಕೂಲಿ. ಹನ್ನೆರಡು ಗಂಟೆ ದುಡಿಯುವ ಆಳು ಹನ್ನೊಂದು ನಿಮಿಷದಲ್ಲಿ ಸಂಪಾದಿಸುವಷ್ಟು ಇವಳ ಸರ್ವಸ್ವ. ಮತ್ತಾಯನ ಸುವಾರ್ತೆಯಲ್ಲಿ ಎರಡು ಗುಬ್ಬಿಗೆ ಒಂದು ಅಸ್ಸಾರಿಯ ಬೆಲೆ. ಅದು ನಾಲ್ಕು ಕ್ವಾದ್ರಾನ್ಸ್. ಇವಳ ಕೈಯಲ್ಲಿದ್ದುದು ಅರ್ಧ ಗುಬ್ಬಿಯ ಬೆಲೆ.

ಹಾಗಾದರೆ ಯೇಸು ಅವಳನ್ನು ಹೊಗಳಿದನೆ? ಎರಡು ಸಾವಿರ ವರ್ಷಗಳಿಂದ ಎಲ್ಲರೂ ಹಾಗೆಯೇ ತಿಳಿದಿದ್ದಾರೆ. ಆರನೆಯ ಶತಮಾನದಲ್ಲೇ ಇಟಲಿಯ ರವೆನ್ನಾದ ಇಗರ್ಜಿಯ ಗೋಡೆಯಲ್ಲಿ ಬಣ್ಣದ ಕಲ್ಲಿನ ಚೂರುಗಳಿಂದ ಅವಳ ಚಿತ್ರ ಕೂಡಿಸಿದ್ದಾರೆ. ಕುಚೇಲನ ಅವಲಕ್ಕಿಯನ್ನು ಬಲ್ಲ ನಮಗೂ ಈ ಭಾವ ಹೊಸದಲ್ಲ. ಯೆಹೂದ್ಯರಲ್ಲೂ ಇಂಥದೇ ಒಂದು ಹಳೆಯ ಕಥೆಯಿದೆ: ಹೆಂಗಸೊಬ್ಬಳು ಒಂದು ಹಿಡಿ ಹಿಟ್ಟು ತಂದಳಂತೆ; ಇದರಲ್ಲಿ ತಿನ್ನುವುದೇನು, ಅರ್ಪಿಸುವುದೇನು ಎಂದು ಪುರೋಹಿತ ಮೂಗು ಮುರಿದನಂತೆ; ರಾತ್ರಿ ಅವನ ಕನಸಿನಲ್ಲಿ, ಅವಳನ್ನು ಹಳಿಯಬೇಡ, ಅವಳು ತನ್ನ ಪ್ರಾಣವನ್ನೇ ಅರ್ಪಿಸಿದಂತೆ ಎಂಬ ಮಾತು ಕೇಳಿಸಿತಂತೆ.

ಆದರೆ ೧೯೮೨ರಲ್ಲಿ ಅಡಿಸನ್ ರೈಟ್ ಎಂಬ ಅಮೆರಿಕದ ವಿದ್ವಾಂಸನು ಒಂದು ಲೇಖನ ಬರೆದು, ಇದು ಹೊಗಳಿಕೆಯೋ ಮರುಕವೋ ಎಂದು ಕೇಳಿದ. ಅವನು ತೋರಿಸಿದ್ದು ಕಥೆಯ ಹಿಂದುಮುಂದನ್ನು. ಈ ಕಥೆಗೆ ಮುಂಚೆ, ಎರಡೇ ವಚನದ ಹಿಂದೆ, ಯೇಸು ಶಾಸ್ತ್ರಿಗಳ ಮೇಲೆ ಸಿಡಿದೇಳುತ್ತಾನೆ: ಉದ್ದನೆಯ ನಿಲುವಂಗಿ ತೊಟ್ಟು ಉದ್ದನೆಯ ಪ್ರಾರ್ಥನೆ ಮಾಡುತ್ತಾರೆ, ವಿಧವೆಯರ ಮನೆಗಳನ್ನು ನುಂಗುತ್ತಾರೆ ಎಂದು. ಕಥೆ ಮುಗಿದ ಕೂಡಲೇ ಶಿಷ್ಯನೊಬ್ಬನು, ಎಂಥ ಕಲ್ಲುಗಳು, ಎಂಥ ಕಟ್ಟಡ ಎಂದು ಬೆರಗಾಗುತ್ತಾನೆ. ಕಲ್ಲಿನ ಮೇಲೆ ಕಲ್ಲು ನಿಲ್ಲದೆ ಇದೆಲ್ಲ ಬೀಳುತ್ತದೆಂದು ಯೇಸು ಉತ್ತರಿಸುತ್ತಾನೆ. ಈ ಎರಡರ ನಡುವೆ, ಬೀಳಲಿರುವ ಗುಡಿಗೆ ತನ್ನ ಕೂಳಿನ ಕಾಸನ್ನು ಸುರಿಯುತ್ತಿರುವ ಮುದುಕಿ. (ಮುದುಕಿ ಎಂದು ಮಾರ್ಕ ಹೇಳಿಲ್ಲ, ಅದು ನನ್ನ ಊಹೆ.) ನೀನೂ ಹೀಗೆಯೇ ಮಾಡು ಎಂಬ ಮಾತು ಆ ನಾಲ್ಕು ವಚನಗಳಲ್ಲಿ ಎಲ್ಲಿಯೂ ಇಲ್ಲ. ಅದೇ ಸುವಾರ್ತೆಯಲ್ಲಿ ಇನ್ನೊಂದೆಡೆ, ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮುಡಿಪೆಂದು ತಪ್ಪಿಸುವವರನ್ನು ಆತ ಚೆನ್ನಾಗಿ ಝಾಡಿಸಿದ್ದಾನೆ. ರೈಟನ ವಾದದಲ್ಲಿ ಹುರುಳಿದೆಯೆಂದು ನನಗೆ ತೋರುತ್ತದೆ. ಅವಳನ್ನು ಗೌರವಿಸಿಯೇ ಅವಳಿಗಾಗಿ ಮರುಗಲು ಬರುವುದಿಲ್ಲವೆ?

ವಿಧವೆಯರ ಮನೆ ನುಂಗುವುದೆಂದರೆ ಏನೆಂಬುದಕ್ಕೆ ಆ ಸೀಮೆಯ ಕಾಗದಪತ್ರಗಳೇ ಸಿಕ್ಕಿವೆ. ೧೯೬೧ರಲ್ಲಿ ಯಿಗಾಯೆಲ್ ಯಾದೀನ್ ಅವರು ಮೃತಸಮುದ್ರದ ಬಳಿಯ ಗುಹೆಯೊಂದರಲ್ಲಿ ಬಬಥಾ ಎಂಬ ವಿಧವೆಯ ಮೂವತ್ತೈದು ಪತ್ರಗಳ ಕಟ್ಟನ್ನು ಕಂಡರು. ಕಾಲ ಸ್ವಲ್ಪ ಈಚಿನದು, ಎರಡನೆಯ ಶತಮಾನದ ಮೊದಲ ಭಾಗ. ಆಕೆ ಬಡವಳೂ ಅಲ್ಲ, ಖರ್ಜೂರದ ತೋಟಗಳಿದ್ದವಳು. ಆದರೂ ತಬ್ಬಲಿ ಮಗನ ಆಸ್ತಿ ಇಬ್ಬರು ಪೋಷಕರ ಕೈಯಲ್ಲಿ. ಅವರು ಹುಡುಗನ ಪಾಲನೆಗೆ ತಿಂಗಳಿಗೆ ಎರಡೇ ದೀನಾರ ಕೊಡುತ್ತಾರೆ, ಇದು ಸಾಲದು ಎಂದು ರೋಮನ್ ಅಧಿಪತಿಯವರೆಗೆ ದೂರು ಒಯ್ದಿದ್ದಾಳೆ. ಆ ಹುಡುಗನ ಹೆಸರೂ ಯೇಸುವೇ. ಆ ಕಾಲದಲ್ಲಿ ಬಹಳ ಸಾಮಾನ್ಯವಾದ ಹೆಸರು.

ಕಾಸುಗಳ ಗತಿ ಏನಾಯಿತು? ಪಿಲಾತನು ಗುಡಿಯ ಹಣ ತೆಗೆದು ಊರಿಗೆ ನೀರಿನ ಕಾಲುವೆ ಮಾಡಿಸಿದಾಗ ಜನ ದಂಗೆಯೆದ್ದು ದೊಣ್ಣೆಯೇಟು ತಿಂದರು. ಕ್ರಿ. ಶ. ೬೬ರಲ್ಲಿ ಫ್ಲೋರಸ್ ಎಂಬ ಅಧಿಪತಿ ಬೊಕ್ಕಸದಿಂದ ಹದಿನೇಳು ತಲಾಂತು ಎತ್ತಿಕೊಂಡ. ಆಗ ಕೆಲವು ಪುಂಡು ಹುಡುಗರು ಒಂದು ಬುಟ್ಟಿ ಹಿಡಿದು, ‘ಪಾಪ, ಫ್ಲೋರಸನಿಗೆ ಗತಿಯಿಲ್ಲ, ಒಂದು ಕಾಸು ಭಿಕ್ಷೆ ಹಾಕಿ’ ಎಂದು ಬೀದಿ ಬೀದಿಯಲ್ಲಿ ಬೇಡಿದರು! ಆ ಹಾಸ್ಯಕ್ಕೆ ತೆತ್ತ ಬೆಲೆ ಘೋರವಾದದ್ದು. ಅವನು ಸೈನಿಕರನ್ನು ಪೇಟೆಯ ಮೇಲೆ ಬಿಟ್ಟ. ಹೆಂಗಸರು ಮಕ್ಕಳು ಸೇರಿ ೩,೬೦೦ ಜನ ಸತ್ತರೆಂದು ಜೋಸೆಫಸನ ಲೆಕ್ಕ. ಆ ಕಿಡಿಯೇ ಯುದ್ಧವಾಗಿ, ಕ್ರಿ. ಶ. ೭೦ರಲ್ಲಿ ಟೈಟಸನ ಸೈನ್ಯ ಗುಡಿಯನ್ನು ಸುಟ್ಟಿತು. ದೀಪಸ್ತಂಭವನ್ನು ಹೊತ್ತೊಯ್ಯುವ ಮೆರವಣಿಗೆಯ ಚಿತ್ರವನ್ನು ರೋಮಿನಲ್ಲಿ ಟೈಟಸನ ಕಮಾನಿನ ಮೇಲೆ ಇವತ್ತೂ ನೋಡಬಹುದು. ಬಳಿಕ ಅರ್ಧ ಶೆಕೆಲ್ಲಿನ ತೆರಿಗೆಯನ್ನು ರೋಮನರು ನಿಲ್ಲಿಸಲಿಲ್ಲ. ರೋಮಿನ ಜುಪಿಟರನ ಗುಡಿಗೆ ಕೊಡಿ ಎಂದರು. ಹೆಂಗಸರಿಂದಲೂ ಮೂರು ವರ್ಷದ ಮಕ್ಕಳಿಂದಲೂ ಅದನ್ನು ವಸೂಲು ಮಾಡಿದ್ದಕ್ಕೆ ಈಜಿಪ್ಟಿನಲ್ಲಿ ಕಾಗದಗಳು ಸಿಕ್ಕಿವೆ. ತನ್ನ ಗುಡಿಯಲ್ಲಿ ಯಾರೂ ಕೇಳದಿದ್ದ ತೆರಿಗೆಯನ್ನು ಅವಳ ಮೊಮ್ಮಗಳು ಪರದೇವರ ಗುಡಿಗೆ ಕಟ್ಟಬೇಕಾಯಿತು.

ಇನ್ನು ಬಾಯಿಯವರ ಪ್ರಶ್ನೆ. ಅದಕ್ಕೆ ಮಿಷ್ನಾದಲ್ಲಿ ಅರ್ಧ ಉತ್ತರ ಸಿಕ್ಕಿತು. ದಾರಿಹೋಕ ಬಡವನಿಗೆ ಒಂದು ರೊಟ್ಟಿಗೆ ಕಡಿಮೆ ಕೊಡಬಾರದು. ಆ ರೊಟ್ಟಿಯ ಬೆಲೆ ದೀನಾರದ ಹನ್ನೆರಡನೆಯ ಒಂದು ಭಾಗ. ಎರಡು ಹೊತ್ತಿನ ಊಟ ಇದ್ದವನು ಊರಿನ ನಿತ್ಯದ ಅನ್ನದಾನಕ್ಕೆ ಕೈಯೊಡ್ಡಬಾರದು. ಅಷ್ಟೂ ಇಲ್ಲದವನು ಉಣ್ಣಬಹುದು. ಇನ್ನರ್ಧ ಉತ್ತರ ಕ್ರೈಸ್ತರ ಗ್ರಂಥದಲ್ಲೇ ಇದೆ. ಯೇಸು ಹೋದ ಕೆಲವೇ ವರ್ಷಗಳಲ್ಲಿ, ಅದೇ ಯೆರೂಸಲೇಮಿನಲ್ಲಿ, ಅವನ ಶಿಷ್ಯರ ನಡುವೆ ಒಂದು ಜಗಳ ಹುಟ್ಟಿತೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ತತ್ತ್ವಕ್ಕಾಗಿ ಅಲ್ಲ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರು ಎಂದು. ಅದಕ್ಕಾಗಿಯೇ ಏಳು ಮಂದಿಯನ್ನು ಆರಿಸಿ ನೇಮಿಸಬೇಕಾಯಿತು.

ಇಷ್ಟನ್ನು ಒಂದು ಸಂಜೆ ಬಾಯಿಯವರಿಗೆ ಹೇಳಿದೆ. ಆ ವೇಳೆಗೆ ಅವರ ಹಿರಿಯ ಮಗಳು ಯಾತ್ರೆಗೆ ಹೋಗಿ ಬಂದು, ಯೆರೂಸಲೇಮಿನ ಅಂಗಡಿಯಿಂದ ಅಂಥದೇ ಒಂದು ಸವೆದ ಕಾಸನ್ನು ತಂದುಕೊಟ್ಟಿದ್ದಳು. ಅವರು ಅದನ್ನು ಅಂಗೈಯಲ್ಲಿಟ್ಟು, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

“ಒಂದು ರೊಟ್ಟಿಗೆ ಎಷ್ಟು ಬೇಕಿತ್ತು ಅಂದಿರಿ?”

“ಇಂಥವು ಹತ್ತಕ್ಕಿಂತ ಹೆಚ್ಚು ಬೇಕು. ಅವಳ ಹತ್ತಿರ ಎರಡಿತ್ತು.”

“ಹಾಗಾದರೆ ಹಾಕದೆ ಇಟ್ಟುಕೊಂಡಿದ್ದರೂ ಊಟ ಆಗುತ್ತಿರಲಿಲ್ಲ” ಎಂದರು ಬಾಯಿಯವರು. ಕಾಸನ್ನು ಹೊಲಿಗೆಯ ಯಂತ್ರದ ಡ್ರಾಯರಿನಲ್ಲಿ ಗುಂಡಿಗಳ ಜೊತೆಗೆ ಹಾಕಿ, “ಕುಳಿತುಕೊಳ್ಳಿ ಮಾಷ್ಟ್ರೇ, ಚಹಾ ಮಾಡುತ್ತೇನೆ” ಎಂದು ಒಳಗೆ ಹೋದರು.